ಕೆರೆಗೆ ಜಾಲಿ ಬೀಜ ತಂದವರು ಯಾರು? ನೀವೇ ಪತ್ತೆ ಮಾಡಿ

ಕಲಬುರಗಿ, ಯಾದಗಿರಿ ಕಡೆ ಬೇಸಿಗೆಯಲ್ಲಿ ಕೆರೆ ಅಂಗಳಕ್ಕೆ ಇಳಿದರೆ ಕಣ್ಣಿಗೆ ಬೀಳುವ ಹಸಿರೆಲ್ಲ ಹೆಚ್ಚಾಗಿ ಬಳ್ಳಾರಿ ಜಾಲಿಯೇ. ಕಡಿಸುತ್ತೇವೆ. ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಪಕ್ಕದಲ್ಲಿ ಹೊಸ ಸಸಿಗಳೂ ಏಳುತ್ತವೆ. ಈ ಬೀಜ ಇಲ್ಲಿಗೆ ಹೇಗೆ ಬಂತು ಅಂತ ತಿಳಿಯದೆ ಎಷ್ಟು ಕಡಿದರೂ ಕೆಲಸ ಮುಗಿಯುವುದಿಲ್ಲ. ಅದನ್ನು ತಿಳಿಯಲು ಹಗ್ಗ, ಜರಡಿ, ಬಕೆಟ್, ನೋಟ್‌ಬುಕ್ ಸಾಕು.

ಈ ಗಿಡ ಮೂಲತಃ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು. 1870ರ ದಶಕದಲ್ಲಿ ಬೀಜ ತರಿಸಿ ಆಂಧ್ರದ ಕಡಪ ಕಡೆ ಬೆಳೆಸಿದರು. ಈಗ ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲೂ ತಮಿಳುನಾಡಿನ ಕೋಡಿಯಕ್ಕರೈ ಕರಾವಳಿಯ ಜೌಗು ನೆಲದಲ್ಲೂ ಇದೇ ಗೋಳು. ಅಲ್ಲೂ ಮೇಯುವ ಪ್ರಾಣಿಗಳೇ ಕಾಯಿ ತಿಂದು ಬೀಜ ಹರಡುತ್ತವೆ.

ಮೊದಲು ಗಿಡ ಗುರುತಿಸಿ. ನಮ್ಮ ಕರಿಜಾಲಿಯ ಜೊತೆ ಗೊಂದಲ ಬೇಡ, ಅದು ಉಳಿಯಬೇಕಾದ ಮರ. ಕರಿಜಾಲಿ ಕಾಯಿ ಮಣಿಸರದ ಹಾಗೆ ಬೀಜದಿಂದ ಬೀಜಕ್ಕೆ ಸಣ್ಣಗಾಗುತ್ತದೆ. ಹೂ ಹಳದಿ ಉಂಡೆ. ಬಳ್ಳಾರಿ ಜಾಲಿ ಹೂ ಉದ್ದನೆಯ ತೆನೆಯಂತೆ ಜೋತಿರುತ್ತದೆ. ಕಾಯಿ ಗೇಣುದ್ದ, ಹಣ್ಣಾದಾಗ ಹಳದಿ, ತಿಂದರೆ ಸಿಹಿ. ಒಳಗಿನ ಬೀಜ ಚಪ್ಪಟೆ, ಜೇನು ಬಣ್ಣದ್ದು, ಹೊಳೆಯುತ್ತದೆ. ದಪ್ಪ ಅಡಿಯ ಬೂಟು, ಕೈಗವಸು ಹಾಕದೆ ಹೋಗಬೇಡಿ. ಸುರಪುರ ತಾಲೂಕಿನ ಬೋನಾಳದಂಥ ಪಕ್ಷಿಧಾಮವಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಆಮೇಲೆ ಸಸಿ ಎಣಿಸಿ. ಮಳೆ ಬಿದ್ದು ಎರಡು ಮೂರು ವಾರಕ್ಕೆ ಹೋದರೆ ಒಳ್ಳೆಯದು. ಐವತ್ತು ಮೀಟರ್ ಹಗ್ಗವನ್ನು ಮೂರು ಕಡೆ ಎಳೆಯಿರಿ: ದೊಡ್ಡ ಮರದ ಬುಡದಿಂದ ಹೊರಕ್ಕೆ, ದನ ಓಡಾಡುವ ದಾರಿಯುದ್ದಕ್ಕೆ, ನೀರು ತುಂಬಿದಾಗ ಕಸ ನಿಂತ ಗೆರೆಯುದ್ದಕ್ಕೆ. ಐದು ಮೀಟರಿಗೊಮ್ಮೆ ಒಂದು ಮೀಟರ್ ಚೌಕ ಹಾಕಿ ಸಸಿ ಎಣಿಸಿ ಬರೆದುಕೊಳ್ಳಿ. ಸಂಖ್ಯೆ ಮಾತ್ರ ಅಲ್ಲ, ಸಸಿ ಎದ್ದಿರುವ ರೀತಿಯನ್ನೂ ನೋಡಿ. ಒಮ್ಮೆ ಅಂಗೈಯಗಲ ಜಾಗದಲ್ಲಿ ಹನ್ನೊಂದು ಸಸಿ ಒತ್ತೊತ್ತಾಗಿ ನಿಂತಿದ್ದು ಕಂಡೆ. ಬೆರಳಿನಿಂದ ಕೆದರಿದರೆ ಕೆಳಗೆ ಹಳೇ ಹೆಂಡಿಯ, ಅಂದರೆ ದನದ ಸಗಣಿಯ ನಾರು. ತಂದವರು ಯಾರು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಕುರಿ ಕಾಯುವವರನ್ನು ಕೇಳುವುದನ್ನು ಮರೆಯಬೇಡಿ. "ಕಾಕಾ, ಕುರಿ ಎಲ್ಲಿ ಮೇಯಿಸಿದ್ರಿ?" ಅಂದೆ. "ಬ್ಯಾಸಗ್ಯಾಗ ಬ್ಯಾರೆ ಏನದ? ಜಾಲಿಕಾಯೇ ಗತಿ" ಅಂದರು. ರಾತ್ರಿ ಆ ಹಿಂಡನ್ನು ಗೊಬ್ಬರಕ್ಕಾಗಿ ಯಾರದೋ ಎರೆ ಹೊಲದಲ್ಲಿ ತರುಬುತ್ತಾರೆ. ಬೀಜ ಹಾಗೇ ಊರು ದಾಟುತ್ತದೆ. ಅವರ ತಪ್ಪೇನೂ ಇಲ್ಲ, ಮೇವಿಲ್ಲದ ಕಾಲದಲ್ಲಿ ಹಿಂಡು ಬದುಕಬೇಕು.

ಈಗ ಮುಖ್ಯ ಪರೀಕ್ಷೆ. ಹಸಿ ಹೆಂಡಿ ಮತ್ತು ಕುರಿ ಹಿಕ್ಕೆ ಬೇರೆ ಬೇರೆ ತನ್ನಿ. ಒಣಗಿಸಿ ಒಂದೊಂದು ಕೆಜಿ ತೂಗಿ, ನೆನೆಸಿ, ಜರಡಿಯಲ್ಲಿ ತೊಳೆಯಿರಿ. ಇಡೀ ಬೀಜ ಎಷ್ಟು, ಒಡೆದದ್ದೆಷ್ಟು ಎಣಿಸಿ. ಸಾಮಾನ್ಯವಾಗಿ ಹೆಂಡಿಯಲ್ಲಿ ಇಡೀ ಬೀಜ ಜಾಸ್ತಿ, ಕುರಿ ಅಗಿದು ಹೆಚ್ಚು ಒಡೆಯುತ್ತದೆ. ಆದರೆ ಮೆಲುಕು ಹಾಕುವಾಗ ಬೀಜ ಉಗುಳುವುದೂ ಉಂಟು, ಹಿಂಡು ಮಲಗಿದ ಜಾಗವನ್ನೂ ನೋಡಿ. ಹೆಂಡಿಯ ಐವತ್ತು ಬೀಜ, ಹಿಕ್ಕೆಯ ಐವತ್ತು, ಕಾಯಿಯಿಂದ ಬಿಡಿಸಿದ ಐವತ್ತು ಬೇರೆ ಬೇರೆ ಟ್ರೇಯಲ್ಲಿ ಹಾಕಿ ಒಂದು ತಿಂಗಳು ದಿನಾ ನೋಡಿ. ನಾಲ್ಕನೇ ಟ್ರೇಯಲ್ಲಿ ಸುಮ್ನೆ ಮಣ್ಣು ಮಾತ್ರ ಇರಲಿ. ಮೊದಲ ಸಲ ನಾನು ಕೆರೆ ದಂಡೆಯ ಮಣ್ಣನ್ನೇ ತಂದು ತುಂಬಿದ್ದೆ. ಮಣ್ಣಿನಲ್ಲೇ ಇದ್ದ ಬೀಜ ಮೊಳೆತು ಒಂದು ತಿಂಗಳ ಲೆಕ್ಕವೆಲ್ಲ ಹಾಳಾಯಿತು. ಈಗ ಮಣ್ಣನ್ನು ಹಂಚಿನ ಮೇಲೆ ಚೆನ್ನಾಗಿ ಹುರಿದು ಆರಿಸಿಯೇ ಬಳಸುತ್ತೇನೆ.

ನೀರಿನ ಪರೀಕ್ಷೆ ಸುಲಭ. ಬಕೆಟ್ಟಿನಲ್ಲಿ ಇಪ್ಪತ್ತು ಒಣ ಕಾಯಿ ಬಿಟ್ಟು ಎಷ್ಟು ದಿನ ತೇಲುತ್ತವೆ ಅಂತ ಬರೆದಿಡಿ. ಹಳ್ಳ ಹರಿದ ಮೇಲೆ ಕೆರೆಗೆ ನೀರು ಸೇರುವ ಬಾಯಲ್ಲಿ ಕಸ ಕೆದಕಿ ಕಾಯಿ ಹುಡುಕಿ.

ಸಸಿ ಗುಂಪುಗುಂಪಾಗಿ ದಾರಿಯಲ್ಲೇ ಇದ್ದು, ಹೆಂಡಿ ಬೀಜ ಚೆನ್ನಾಗಿ ಮೊಳೆತರೆ ತಂದದ್ದು ದನ. ಆಗ ಕಾಯಿಯನ್ನು ಗಿರಣಿಯಲ್ಲಿ ಬೀಜ ಸಮೇತ ನುಣ್ಣಗೆ ಬೀಸಿ ಮೇವಿಗೆ ಬೆರೆಸಿ ಕೊಡಿ. ಹಿಂಡನ್ನು ಹೊಸ ಹೊಲಕ್ಕೆ ಬಿಡುವ ಮುಂಚೆ ಏಳೆಂಟು ದಿನ ಒಣಮೇವು ಹಾಕಿ ಒಂದೇ ಕಡೆ ನಿಲ್ಲಿಸಿ. ಸಸಿ ಕಸದ ಗೆರೆಯಲ್ಲೇ ಸಾಲಾಗಿದ್ದರೆ ಬೀಜ ನೀರಿನಲ್ಲಿ ಬಂದದ್ದು. ಕೆರೆ ಬಿಟ್ಟು ಮೊದಲು ನೀರು ಬರುವ ಹಳ್ಳದ ಮೇಲ್ಭಾಗದ ಜಾಲಿ ಮರಗಳಿಗೆ ಕೈ ಹಾಕಿ. ಎರಡೂ ಕಂಡರೆ ಎರಡೂ ಕಡೆ ಕೆಲಸ. ಎಣಿಸಿದ ಸಸಿಗಳನ್ನು ಅಲ್ಲೇ ಬಿಟ್ಟು ಬರಬೇಡಿ. ನೆಲ ಹಸಿ ಇರುವಾಗಲೇ ಬೇರು ಸಮೇತ ಕಿತ್ತುಬಿಡಿ.