ಸಾಗರದ ಹಳ್ಳಿಗಳ ದೂರ ಲೆಕ್ಕ ಹಾಕಿದ್ದು

ಕೆಲವು ವರ್ಷಗಳ ಹಿಂದೆ ಸಾಗರ ತಾಲ್ಲೂಕಿನ ಹಳ್ಳಿಗಳ ಪಟ್ಟಿಯೊಂದು ನನ್ನ ಕೈಗೆ ಬಂತು. ಪ್ರತಿ ಹಳ್ಳಿಯ ಅಕ್ಷಾಂಶ, ರೇಖಾಂಶ ಅದರಲ್ಲಿತ್ತು. ಅಲ್ಲಿಂದ ಸಾಗರದ ಆಸ್ಪತ್ರೆಗೆ ಎಷ್ಟು ದೂರ ಅಂತ ಎಕ್ಸೆಲ್‌ನಲ್ಲಿ ಹೇಳಬೇಕಿತ್ತು.

ಮೊದಲು ಸುಲಭದ ದಾರಿ ಹಿಡಿದೆ. ಒಂದು ಡಿಗ್ರಿಗೆ 111 ಕಿ.ಮೀ. ಅಂದುಕೊಂಡು ಪೈಥಾಗೊರಸ್ ಸೂತ್ರ ಹಾಕಿದೆ. ಗೊತ್ತಿರುವ ಊರುಗಳಲ್ಲಿ ಪರೀಕ್ಷೆ ಮಾಡೋಣ ಅಂತ ಬೆಂಗಳೂರು, ಮಂಗಳೂರು ತೆಗೆದುಕೊಂಡರೆ 306 ಕಿ.ಮೀ. ಬಂತು. ನಿಜವಾದ ನೇರ ದೂರ ಸುಮಾರು 298. ಅಕ್ಷಾಂಶದ ಡಿಗ್ರಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ, ಆದರೆ ರೇಖಾಂಶದ ಡಿಗ್ರಿ ಉತ್ತರಕ್ಕೆ ಹೋದಷ್ಟೂ ಕಿರಿದಾಗುತ್ತದೆ. ಬೆಂಗಳೂರಿನಲ್ಲಿ ಸುಮಾರು 108 ಕಿ.ಮೀ., ಶ್ರೀನಗರದಲ್ಲಿ 92.

ಹಾಗಾಗಿ ಭೂಮಿ ದುಂಡಗಿದೆ ಅಂತ ಲೆಕ್ಕಕ್ಕೆ ಹಿಡಿದು ದೂರ ಹೇಳುವ ಹ್ಯಾವರ್‌ಸೈನ್ ಸೂತ್ರಕ್ಕೆ ಬಂದೆ. ಅಕ್ಷಾಂಶಗಳ ವ್ಯತ್ಯಾಸದ ಅರ್ಧಕ್ಕೆ ಸೈನ್ ತೆಗೆದು ವರ್ಗ ಮಾಡಬೇಕು. ರೇಖಾಂಶಕ್ಕೂ ಹಾಗೇ ಮಾಡಿ, ಅದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ನಿಂದ ಗುಣಿಸಬೇಕು. ಎರಡನ್ನೂ ಕೂಡಿಸಿ, ವರ್ಗಮೂಲ ತೆಗೆದು, ಅದರ ಆರ್ಕ್‌ಸೈನ್ (ಸೈನ್‌ನಿಂದ ಕೋನಕ್ಕೆ ಹಿಂದಿರುಗುವ ಲೆಕ್ಕ) ಅನ್ನು 2 × 6371ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. 6371 ಅಂದರೆ ಭೂಮಿಯ ಸರಾಸರಿ ತ್ರಿಜ್ಯ. ಎಕ್ಸೆಲ್ ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್ ಅನ್ನುವ ಇನ್ನೊಂದು ಅಳತೆಯಲ್ಲಿ ಕೇಳುತ್ತದೆ. ಡಿಗ್ರಿಯನ್ನೇ ಕೊಟ್ಟಾಗ ಉತ್ತರ ಪೂರ್ತಿ ಹುಚ್ಚಾಬಟ್ಟೆ ಬಂದಿತ್ತು, ಹಾಗಾಗಿ ತಪ್ಪು ತಕ್ಷಣ ಕಣ್ಣಿಗೆ ಬಿತ್ತು.

ಕಣ್ಣಿಗೆ ಬೀಳದ ತಪ್ಪು ಬೇರೆ ಇತ್ತು. ಕೆಲವು ಸಾಲುಗಳಲ್ಲಿ 14 ಡಿಗ್ರಿ 10 ನಿಮಿಷವನ್ನು 14.10 ಅಂತ ಬರೆದಿದ್ದರು. ನಿಮಿಷವನ್ನು 60ರಿಂದ ಭಾಗಿಸಿದರೆ ಅದು 14.167 ಆಗಬೇಕು. ಇಷ್ಟರಿಂದಲೇ ಊರು 7 ಕಿ.ಮೀ.ಗೂ ಜಾಸ್ತಿ ದಕ್ಷಿಣಕ್ಕೆ ಸರಿದಿತ್ತು! ಉತ್ತರ ನಂಬುವ ಹಾಗೇ ಇತ್ತು, ಅದೇ ಅಪಾಯ. ಆಮೇಲೆ ಪ್ರತಿ ಊರನ್ನೂ ನಕ್ಷೆಯ ಮೇಲೆ ಚುಕ್ಕಿಯಾಗಿ ಇಟ್ಟು ನೋಡಿದೆ.

ಕೊನೆಗೆ ತುಮರಿ ಕಡೆಯವರೊಬ್ಬರಿಗೆ ಪಟ್ಟಿ ತೋರಿಸಿದೆ. "ನಡುವೆ ಹೊಳೆ ಇದೆಯಲ್ಲ ಮಾರಾಯ್ರೆ, ಸಂಜೆ ಮೇಲೆ ಲಾಂಚ್ ಇಲ್ಲ" ಅಂದರು. ಶರಾವತಿ ಹಿನ್ನೀರು! ಈಚೆ ದಡದ ಅಂಬಾರಗೋಡ್ಲುವಿನಿಂದ ಆಚೆ ದಡದ ಕಳಸವಳ್ಳಿಗೆ ನೀರಿನ ಮೇಲೆ ಎರಡು ಕಿ.ಮೀ. ಚಿಲ್ಲರೆ ಅಷ್ಟೇ. ಆದರೆ ಲಾಂಚ್ ಇಲ್ಲದ ರಾತ್ರಿಯಲ್ಲಿ ಹೆರಿಗೆ ನೋವು ಬಂದ ಹೆಂಗಸಿಗೆ ಅದು ಬಹಳ ದೊಡ್ಡ ಸುತ್ತು. ನನ್ನ ಅಂಕಿಯಲ್ಲಿ ಅದು ಎಲ್ಲೂ ಇರಲಿಲ್ಲ. 'ನೇರ ದೂರ' ಅಂತ ಕಾಲಂಗೆ ಹೆಸರಿಟ್ಟು, ಪಕ್ಕದಲ್ಲಿ 'ರಾತ್ರಿ ಹೋಗುವ ದಾರಿ' ಅಂತ ಇನ್ನೊಂದು ಕಾಲಂ ಸೇರಿಸಿದೆ. ಅದನ್ನು ಊರವರನ್ನು ಕೇಳಿಯೇ ತುಂಬಿದೆ.

2025ರ ಜುಲೈನಲ್ಲಿ ಅಲ್ಲಿ ಸೇತುವೆ ಶುರುವಾಯಿತು. ಮೊದಲ ಕಾಲಂ ಹಾಗೇ ಇದೆ. ಎರಡನೆಯದನ್ನು ಅದೇ ವಾರ ಕೂತು ತಿದ್ದಿದೆ.