ಪೊಟ್ಟಣದ ಕೇಕಿಗೆ ಮೊಟ್ಟೆಯ ಬದಲು ಮೊಸರು

ಅಮೆರಿಕದ ಅಂಗಡಿಗಳಲ್ಲಿ ಸಿಗುವ ಕೇಕ್ ಮಿಕ್ಸ್‌ ಪೊಟ್ಟಣಗಳ ಹಿಂಬದಿಯಲ್ಲಿ ಹೆಚ್ಚೂಕಡಿಮೆ ಒಂದೇ ಪಟ್ಟಿ: ಮೂರು ಮೊಟ್ಟೆ, ಒಂದು ಕಪ್ ನೀರು, ಅರ್ಧ ಕಪ್ ಎಣ್ಣೆ. ಮೊಟ್ಟೆ ಮುಟ್ಟದ ಅತ್ತೆ ನಮ್ಮ ಜೊತೆಯಲ್ಲೇ ಇರುವುದರಿಂದ ಪಟ್ಟಿಯ ಮೊದಲ ಸಾಮಾನು ನಮ್ಮ ಅಡುಗೆಮನೆಗೆ ಬರುವುದಿಲ್ಲ. ಅದರ ಜಾಗಕ್ಕೆ ನಾನು ಹಾಕುವುದು ಮುಕ್ಕಾಲು ಕಪ್ ಮೊಸರು, ಅಂದರೆ ಮೊಟ್ಟೆಯೊಂದಕ್ಕೆ ಕಾಲು ಕಪ್.

ಮೊಟ್ಟೆಗಿಂತ ಮೊಸರಿನಲ್ಲಿ ನೀರಿನಂಶ ಜಾಸ್ತಿ. ಆದ್ದರಿಂದ ಪೊಟ್ಟಣ ಹೇಳಿದ ಒಂದು ಕಪ್ ನೀರಿನಿಂದ ಮೂರು ದೊಡ್ಡ ಚಮಚದಷ್ಟು ತೆಗೆದುಬಿಡುತ್ತೇನೆ. ನೀರು ಬಸಿದ ಗಟ್ಟಿ ಮೊಸರಾದರೆ ತೆಗೆಯಬೇಕಾಗಿಲ್ಲ. ಮೊಸರನ್ನು ಮೊದಲೇ ಫ್ರಿಜ್ಜಿನಿಂದ ಹೊರಗಿಟ್ಟು, ಗಂಟಿಲ್ಲದಂತೆ ಕಡೆದು, ಆಮೇಲೆ ಎಣ್ಣೆ, ನೀರು, ಪುಡಿ ಸೇರಿಸುತ್ತೇನೆ. ಕಾಲು ಟೀ ಚಮಚ ಅಡುಗೆ ಸೋಡಾವನ್ನೂ ಹಾಕುತ್ತೇನೆ. ಅದಕ್ಕಿಂತ ಹೆಚ್ಚಾದರೆ ಕೇಕಿಗೆ ಸೋಪಿನ ರುಚಿ ಬರುತ್ತದೆ.

ಮನೆಯಲ್ಲೇ ಮೈದಾ ಅಳೆದು ಮಾಡುವ ಕೇಕಿಗಿಂತ ಪೊಟ್ಟಣದ್ದು ಮೊಟ್ಟೆಯಿಲ್ಲದೆ ಸುಲಭವಾಗಿ ಒದಗಿಬರುತ್ತದೆ. ಎಣ್ಣೆ ಮತ್ತು ನೀರನ್ನು ಒಂದುಗೂಡಿಸಿ ಹಿಡಿಯುವುದು ಮೊಟ್ಟೆಯ ಹಳದಿಯ ಕೆಲಸ. ಆ ಕೆಲಸಕ್ಕೆಂದೇ ಎಷ್ಟೋ ಮಿಕ್ಸ್‌ಗಳಲ್ಲಿ ಮೊನೊ ಮತ್ತು ಡೈಗ್ಲಿಸರೈಡುಗಳನ್ನು ಬೆರೆಸಿರುತ್ತಾರೆ. ಉಬ್ಬಿಸುವ ಪುಡಿಯೂ ಒಳಗೇ ಇರುತ್ತದೆ. ಉಳಿದದ್ದು ಬಿಸಿಗೆ ಗಟ್ಟಿಯಾಗಿ ಕೇಕನ್ನು ನಿಲ್ಲಿಸುವ ಕೆಲಸ. ಅದೊಂದರಲ್ಲಿ ಮೊಸರು ಮೊಟ್ಟೆಗೆ ಸರಿಸಾಟಿಯಲ್ಲ. ಹಾಗಾಗಿ ದೊಡ್ಡ ಆಯತದ ತಟ್ಟೆಗೆ ಸುರಿಯುವ ಬದಲು ಎಂಟು ಇಂಚಿನ ಎರಡು ದುಂಡು ತಟ್ಟೆಗಳಿಗೋ ಕಪ್‌ಕೇಕ್ ಅಚ್ಚುಗಳಿಗೋ ಹಂಚುತ್ತೇನೆ. ಅಂಚು ಹತ್ತಿರವಿದ್ದಷ್ಟೂ ನಡುಭಾಗ ಕುಸಿಯುವುದಿಲ್ಲ. ಓವನ್ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾದಿರುವಾಗಲೇ ಹಿಟ್ಟು ಕಲಸಬೇಕು. ಕಲಸಿಟ್ಟು ಕಾಯಿಸಿದರೆ ಸೋಡಾದ ಗುಳ್ಳೆಗಳು ಅಲ್ಲೇ ಸತ್ತುಹೋಗುತ್ತವೆ. ಬೆಂದ ಮೇಲೆ ಪೂರ್ತಿ ಆರುವವರೆಗೆ ಮಗುಚುವ ಹಾಗಿಲ್ಲ. ಬಿಸಿಯಲ್ಲಿ ಕತ್ತಿ ಹಾಕಿದರೆ ಪುಡಿಪುಡಿ.

ಬ್ರೌನಿಗೆ ಮೊಸರಿಗಿಂತ ಅಗಸೆ ಬೀಜ ಮೇಲು. ಮೊಟ್ಟೆಯೊಂದಕ್ಕೆ ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಅದೇ ಚಮಚದಲ್ಲಿ ಮೂರು ಚಮಚ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ, ಚಮಚ ಎತ್ತಿದಾಗ ಎಳೆಯಾಗಿ ಇಳಿಯುವ ಲೋಳೆಯಾಗುತ್ತದೆ. ಅದರ ಕಂದು ಚುಕ್ಕೆ, ಹಸಿ ವಾಸನೆ ಎರಡನ್ನೂ ಚಾಕೊಲೇಟ್ ನುಂಗಿಕೊಳ್ಳುತ್ತದೆ. ವೆನಿಲಾ ಕೇಕಿನಲ್ಲಿ ಮುಚ್ಚಿಡಲಾಗದು. ಕೆಲವು ಬ್ರೌನಿ ಪೊಟ್ಟಣಗಳ ಮೇಲೆ ಎರಡು ಮೊಟ್ಟೆಯ ಒತ್ತಾದ ಬ್ರೌನಿ, ಮೂರು ಮೊಟ್ಟೆಯ ಕೇಕಿನಂಥ ಬ್ರೌನಿ ಎಂದು ಎರಡು ಬಗೆ ಕೊಟ್ಟಿರುತ್ತಾರೆ. ಮೊಟ್ಟೆ ಬಿಡುವವರು ಕಣ್ಣುಮುಚ್ಚಿ ಮೊದಲನೆಯದನ್ನೇ ಹಿಡಿಯಬೇಕು.

ಬಾಳೆಹಣ್ಣು ಹಾಕಿ ಎನ್ನುವವರು ಬಹಳ. ಹಾಕಬಹುದು, ಆದರೆ ಆಮೇಲೆ ಅದು ಬಾಳೆಹಣ್ಣಿನ ಕೇಕೇ. 355 ಮಿಲಿಲೀಟರಿನ ಒಂದು ಕ್ಯಾನ್ ಸೋಡಾ ಪಾನೀಯವನ್ನು ಪುಡಿಗೆ ಸುರಿದು ಬೇಯಿಸುವ ಉಪಾಯವೂ ಇದೆ. ಮೊಟ್ಟೆ, ಎಣ್ಣೆ ಎರಡೂ ಬೇಡ. ಮಕ್ಕಳು ತಿನ್ನುತ್ತಾರೆ. ನನಗೆ ಅದು ಅಂಟಂಟು, ಅತಿ ಸಿಹಿ.

‘ಅದು ಇಲ್ಲ ತಾನೇ?’ ಎಂದು ಅತ್ತೆ ಪ್ರತಿ ಸಲವೂ ಕೇಳುತ್ತಾರೆ. ಕೇಳುವುದು ಸರಿಯೇ. ನಮ್ಮೂರಿನ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಇಲ್ಲಿಲ್ಲ. ನೀರು ಮಾತ್ರ ಬೆರೆಸಿ ಎನ್ನುವ ಏಂಜಲ್ ಫುಡ್ ಕೇಕ್ ಮಿಕ್ಸ್ ನೋಡಿ ಹಿಗ್ಗಬೇಡಿ. ಒಣಗಿಸಿದ ಮೊಟ್ಟೆಯ ಬಿಳಿಯೇ ಅದರ ಜೀವಾಳ, ಬದಲಿ ಹಾಕಲು ಜಾಗವೇ ಇಲ್ಲ. ಅಮೆರಿಕದ 2004ರ ಕಾಯಿದೆಯ ಪ್ರಕಾರ ಅಲರ್ಜಿ ತರುವ ಪ್ರಮುಖ ಪದಾರ್ಥಗಳಲ್ಲಿ ಮೊಟ್ಟೆಯೂ ಒಂದು. ಇದ್ದರೆ ಪೊಟ್ಟಣದ ಮೇಲೆ ನಮೂದಿಸಲೇಬೇಕು. ಸಾಮಗ್ರಿಗಳ ಪಟ್ಟಿಯನ್ನೂ ಅದರ ಕೆಳಗಿನ ಸಾಲನ್ನೂ ಅಂಗಡಿಯಲ್ಲೇ ಅತ್ತೆಗೆ ಓದಿ ಹೇಳಿ, ಆಮೇಲೆ ಪೊಟ್ಟಣವನ್ನು ಬುಟ್ಟಿಗೆ ಹಾಕುತ್ತೇನೆ.