ಮೀಟರಿನ ಕೆಂಪು ದೀಪ ನೋಡಿಕೊಂಡು ಮನೆಯ ಶಕ್ತಿಯ ಲೆಕ್ಕ ಹಿಡಿದದ್ದು

ಉಷ್ಣ, ಬೆಳಕು, ಶಬ್ದ, ವಿದ್ಯುತ್, ರಾಸಾಯನಿಕ, ಚಲನೆ. ಶಕ್ತಿಯ ರೂಪಗಳ ಈ ಪಟ್ಟಿ ಶಾಲೆಗೆ ಹೋದ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಮನೆಯಲ್ಲಿ ಯಾವುದಕ್ಕೆ ಜಾಸ್ತಿ ಖರ್ಚಾಗುತ್ತದೆ ಅಂತ ಕೇಳಿ ನೋಡಿ. ಲೈಟು, ಫ್ಯಾನು, ಮೊಬೈಲು ಅನ್ನುವವರೇ ಹೆಚ್ಚು. ಕಣ್ಣಿಗೆ ಕಾಣುವುದು ಅವೇ ಅಲ್ವಾ. ನನಗೆ ಅಂದಾಜು ಸಾಕಾಗಿತ್ತು, ಅಳೆದು ನೋಡಬೇಕಿತ್ತು.

ಇದಕ್ಕೆ ಬೇರೆ ಉಪಕರಣ ಬೇಕಿಲ್ಲ. ಈಗಿನ ಎಲೆಕ್ಟ್ರಾನಿಕ್ ಕರೆಂಟ್ ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಹತ್ತಿರ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಅಂತ ಅಚ್ಚಾಗಿರುತ್ತದೆ. ನಮ್ಮ ಮೀಟರಿನಲ್ಲಿ 3200 ಇದೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಟುಕಿಗೆ 1125 ಜೂಲ್. ಎರಡು ಮಿಟುಕುಗಳ ನಡುವೆ ಎಷ್ಟು ಸೆಕೆಂಡ್ ಆಯಿತು ಅಂತ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ನೋಡಿ, 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿನಲ್ಲಿ ಮನೆ ಎಳೆಯುತ್ತಿರುವ ವಾಟ್ ಸಿಕ್ಕಿತು (ಸೆಕೆಂಡಿಗೆ ಒಂದು ಜೂಲ್ ಅಂದರೆ ಒಂದು ವಾಟ್). ಮೀಟರನ್ನು ಮುಟ್ಟುವ ಹಾಗಿಲ್ಲ, ಮುಟ್ಟುವ ಅಗತ್ಯವೂ ಇಲ್ಲ. ಸುಮ್ನೆ ಎದುರು ನಿಂತು ನೋಡಿದರಾಯಿತು.

ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಒಂದೊಂದನ್ನೇ ಹಾಕುತ್ತಾ ಹೋದೆ. ಫ್ರಿಜ್‌ನ ಪ್ಲಗ್ಗನ್ನೂ ಸ್ವಲ್ಪ ಹೊತ್ತು ತೆಗೆದಿಡಬೇಕು. ಇಲ್ಲದಿದ್ದರೆ ನಡುವೆ ಕಂಪ್ರೆಸರ್ ಶುರುವಾಗಿ ಲೆಕ್ಕವೆಲ್ಲ ಕಲಸಿಹೋಗುತ್ತದೆ.

9 ವಾಟಿನ ಎಲ್‌ಇಡಿ ಬಲ್ಬ್ ಹಾಕಿದರೆ ಒಂದು ಮಿಟುಕಿಗೂ ಮುಂದಿನದಕ್ಕೂ ನಡುವೆ ಎರಡು ನಿಮಿಷದ ಮೇಲೆ ಕಾಯಬೇಕು. ಹಳೇ ಫ್ಯಾನ್ ಜೋರಾಗಿ ತಿರುಗುವಾಗ ಹದಿನೈದು ಸೆಕೆಂಡಿಗೊಮ್ಮೆ, ಅಂದರೆ 75 ವಾಟ್. ಆಮೇಲೆ ಕೆಟಲ್ ಹಾಕಿದೆ. ದೀಪಕ್ಕೆ ಹುಚ್ಚು ಹಿಡಿದ ಹಾಗಾಯಿತು. ಒಂದೊಂದಾಗಿ ಹಿಡಿಯಲು ಆಗಲೇ ಇಲ್ಲ, ಹತ್ತು ಮಿಟುಕು ಒಟ್ಟಿಗೆ ಎಣಿಸಬೇಕಾಯಿತು. ಏಳೂವರೆ ಸೆಕೆಂಡಿಗೆ ಹತ್ತು. ಅಂದರೆ 1500 ವಾಟ್. ಇಸ್ತ್ರಿ ಪೆಟ್ಟಿಗೆ, ಗೀಸರ್ ಕೂಡ ಇದೇ ಜಾತಿ. ತಿರುಗುವುದು, ಬೆಳಗುವುದು, ಸದ್ದು ಮಾಡುವುದು ಒಂದು ಕಡೆ. ಬಿಸಿ ಮಾಡುವುದು ಇನ್ನೊಂದು ಕಡೆ. ಎರಡಕ್ಕೂ ಅಜಗಜಾಂತರ.

ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ನೀರಿನಲ್ಲೇ ಇದೆ. ಒಂದು ಲೀಟರ್ ನೀರಿನ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಬೇಕಾದರೆ ಸುಮಾರು 4200 ಜೂಲ್ ಬೇಕು. ಅಷ್ಟೇ ಶಕ್ತಿಯಲ್ಲಿ ಅದೇ ಒಂದು ಲೀಟರ್ ನೀರನ್ನು ನಾನೂರು ಮೀಟರಿಗಿಂತ ಎತ್ತರಕ್ಕೆ ಎತ್ತಬಹುದು! ವಿಜ್ಞಾನಿ ಜೇಮ್ಸ್ ಜೂಲ್ 1840ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ತೂಕದ ಬಟ್ಟುಗಳು ಕೆಳಗಿಳಿಯುವಾಗ ನೀರಿನೊಳಗೆ ರೆಕ್ಕೆಗಳು ತಿರುಗುವ ಹಾಗೆ ಮಾಡಿ, ನೀರಿನ ಬಿಸಿ ಎಷ್ಟು ಏರಿತು ಅಂತ ಅಳೆದರು. ಏರಿದ್ದು ತೀರಾ ಸ್ವಲ್ಪ. ಅದನ್ನು ಥರ್ಮಾಮೀಟರಿನಲ್ಲಿ ಹಿಡಿದರಲ್ಲ, ಆ ತಾಳ್ಮೆಗೆ ಕೈ ಮುಗಿಯಬೇಕು.

ಇದನ್ನೇ ಮನೆಗೆ ಅನ್ವಯಿಸಿ ನೋಡಿದೆ. ಹತ್ತು ಮೀಟರ್ ಎತ್ತರದ ಟ್ಯಾಂಕಿಗೆ 1000 ಲೀಟರ್ ನೀರು ಏರಿಸಲು ಲೆಕ್ಕದ ಪ್ರಕಾರ 98,000 ಜೂಲ್ ಸಾಕು. ಒಂದು ಯೂನಿಟ್‌ನ ಮೂವತ್ತನೇ ಒಂದು ಭಾಗವೂ ಇಲ್ಲ ಅನ್ನಬೇಕು, 0.03ಕ್ಕಿಂತ ಸ್ವಲ್ಪ ಕಡಿಮೆಯೇ. ನಿಜದಲ್ಲಿ ಮೋಟಾರಿನ ಬಿಸಿ, ಪೈಪಿನ ಘರ್ಷಣೆ ಎಲ್ಲ ಸೇರಿ ನಮ್ಮ ಪಂಪು ಕಾಲು ಯೂನಿಟ್ ತಿನ್ನುತ್ತದೆ. ಅದೇ ಟ್ಯಾಂಕಿನಿಂದ ಬರೀ 20 ಲೀಟರ್ ನೀರು ತೆಗೆದು 25 ಡಿಗ್ರಿಯಿಂದ 45ಕ್ಕೆ ಬಿಸಿ ಮಾಡಿದರೆ ಅರ್ಧ ಯೂನಿಟ್ ಹತ್ತಿರ ಆಯಿತು. ಇಡೀ ಟ್ಯಾಂಕ್ ತುಂಬಿಸಿದ್ದಕ್ಕಿಂತ ಒಬ್ಬರ ಸ್ನಾನದ ಬಿಸಿನೀರೇ ದುಬಾರಿ. ಇದು ಗೊತ್ತಾದ ಮೇಲೆ ಮೊದಲು ಮಾಡಿದ ಕೆಲಸ ಗೀಸರಿನ ತಾಪ ಇಳಿಸಿದ್ದು. ಕೈ ಸುಡುವಷ್ಟು ಕಾಯಿಸಿ, ಆಮೇಲೆ ತಣ್ಣೀರು ಬೆರೆಸಿಕೊಳ್ಳುವವರೆಗೆ ಆ ನೀರು ಗೀಸರಿನೊಳಗೇ ಕೂತು ಗೋಡೆಗೆ ಬಿಸಿ ಕೊಡುತ್ತಿರುತ್ತದೆ. ಯಾಕೆ ಬೇಕು?

ಒಲೆಯ ವಿಷಯದಲ್ಲಿ ನಾನು ಇನ್ನೂ ಹೆಚ್ಚು ಹೊತ್ತು ಕಳೆದೆ. 25 ಡಿಗ್ರಿಯ ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು 315 ಕಿಲೋಜೂಲ್ ಬೇಕು. ಕುದಿ ಬಂದ ಮೇಲೆ ಅದೇ ನೀರು ಪೂರ್ತಿ ಆವಿಯಾಗಿ ಹೋಗಲು ಇನ್ನೂ 2257 ಕಿಲೋಜೂಲ್. ಏಳು ಪಟ್ಟು! ಕುದಿಯುತ್ತಿರುವ ನೀರಿಗೆ ಉರಿ ಎಷ್ಟೇ ಜೋರು ಮಾಡಿದರೂ ತೆರೆದ ಪಾತ್ರೆಯಲ್ಲಿ ಅದು 100 ಡಿಗ್ರಿ ದಾಟುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿ ಮಾಡುವುದಕ್ಕೇ ಹೋಗುತ್ತದೆ. ಅಂದರೆ ಬೇಯುವುದು ಬೇಗ ಆಗುವುದಿಲ್ಲ, ಅಡುಗೆಮನೆ ಮಾತ್ರ ಸೆಕೆಯಾಗುತ್ತದೆ. ಮುಚ್ಚಳ ಹಾಕಿ, ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡುವುದರಲ್ಲಿ ಆಗುವ ಉಳಿತಾಯ ಬೇರೆ ಯಾವುದರಲ್ಲೂ ನನಗೆ ಕಾಣಲಿಲ್ಲ. ಕುಕ್ಕರಿನ ಲಾಭವೂ ಇಲ್ಲೇ ಇದೆ. ಒಳಗಿನ ಒತ್ತಡ ಹೆಚ್ಚಾಗಿ ನೀರು ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ, ಆವಿ ಹೊರಗೆ ಹೋಗುವುದೂ ಕಡಿಮೆ.

ಹಾಗಾದರೆ ಗ್ಯಾಸ್ ಬಿಟ್ಟು ಕರೆಂಟಿನಲ್ಲೇ ಕಾಯಿಸೋಣವಾ? ಇಲ್ಲಿ ನೇರ ಉತ್ತರ ಇಲ್ಲ. ನನ್ನ ಕೆಟಲ್ ಒಂದು ಲೀಟರ್ ನೀರು ಕುದಿಸಲು ನಾಲ್ಕು ನಿಮಿಷ ತೆಗೆದುಕೊಂಡಿತು. ಲೆಕ್ಕ ಹಾಕಿದರೆ ಎಳೆದ ಕರೆಂಟಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ ತೊಂಬತ್ತು ಭಾಗ ನೀರಿಗೇ ಹೋಗಿದೆ. ಗ್ಯಾಸ್ ಒಲೆಯಲ್ಲಿ ಹಾಗಲ್ಲ. ಜ್ವಾಲೆ ಪಾತ್ರೆಯ ಪಕ್ಕದಿಂದ ಹಾದು ಹೋಗುವಾಗ ಮೂರನೇ ಒಂದು ಭಾಗವೋ ಅರ್ಧವೋ ಗಾಳಿ ಪಾಲು. ಪಾತ್ರೆಯ ತಳಕ್ಕಿಂತ ಅಗಲವಾಗಿ ಉರಿ ಚಾಚಿದ್ದರೆ ಇನ್ನೂ ಹೆಚ್ಚು. ಆದರೆ ಕಲ್ಲಿದ್ದಲಿನಿಂದ ತಯಾರಾದ ಕರೆಂಟಾದರೆ, ಸ್ಥಾವರದಲ್ಲೇ ಕಲ್ಲಿದ್ದಲಿನ ಶಾಖದ ಸುಮಾರು ಮೂರನೇ ಎರಡು ಭಾಗ ಹೊರಗೆ ಹೋಗಿರುತ್ತದೆ. ಮನೆಯ ಕೆಟಲಿಗೆ ಆ ನಷ್ಟ ಕಾಣುವುದಿಲ್ಲ ಅಷ್ಟೇ. ಜಲವಿದ್ಯುತ್ ಅಥವಾ ಸೋಲಾರ್ ಆದರೆ ಮಾತು ಬೇರೆ. ನೀರು ಬಿಸಿ ಮಾಡುವುದಕ್ಕೆ ಮಾತ್ರ ಅಂದರೆ, ಚಾವಣಿ ಮೇಲೆ ಜಾಗ ಇರುವವರಿಗೆ ಸೋಲಾರ್ ವಾಟರ್ ಹೀಟರೇ ಸರಿ ಅಂತ ನನ್ನ ಅಭಿಪ್ರಾಯ. ಬಿಸಿಲು ನೇರವಾಗಿ ಬಿಸಿಯಾಗುತ್ತದೆ, ನಡುವೆ ಕರೆಂಟಿನ ಗೊಡವೆಯೇ ಇಲ್ಲ.

ಬಿಸಿಲಿನ ಮಾತು ಬಂತಲ್ಲ, ಬಟ್ಟೆ ಒಣಗಿಸುವುದು ನನಗೆ ಅಚ್ಚರಿ ತಂದ ಇನ್ನೊಂದು ಲೆಕ್ಕ. ಒಗೆದ ಬಟ್ಟೆಯನ್ನು ಒದ್ದೆ ಇದ್ದಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿದೆ. ವ್ಯತ್ಯಾಸ ಮೂರು ಕಿಲೋ. ಅಷ್ಟು ನೀರು ಆವಿಯಾಗಬೇಕಾದರೆ ಹತ್ತಿರ ಹತ್ತಿರ ಎರಡು ಯೂನಿಟ್‌ನಷ್ಟು ಶಕ್ತಿ ಬೇಕು. ಹಗ್ಗದ ಮೇಲೆ ಹಾಕಿದರೆ ಬಿಸಿಲು, ಗಾಳಿ ಸೇರಿ ಅದನ್ನು ಬಿಟ್ಟಿ ಕೊಡುತ್ತವೆ. ಬಟ್ಟೆಯನ್ನು ಮೆಷೀನಿನಲ್ಲಿ ಜೋರಾಗಿ ತಿರುಗಿಸಿ ನೀರು ಹಿಂಡುವುದಕ್ಕೆ ಇದರ ಹತ್ತನೇ ಒಂದು ಭಾಗವೂ ಬೇಡ. ಅಲ್ಲಿ ನೀರು ಚಲನೆಯಿಂದ ಹೊರಗೆ ಹಾರುತ್ತದೆ, ಆವಿಯಾಗುವುದಿಲ್ಲ. ಡ್ರೈಯರ್ ಇರುವವರು ಮೊದಲು ಚೆನ್ನಾಗಿ ಹಿಂಡಿಸಲಿ.

ಬೆಳಕಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹಳೇ ಫಿಲಮೆಂಟ್ ಬಲ್ಬು ತೊಂಬತ್ತಕ್ಕಿಂತ ಹೆಚ್ಚು ಭಾಗ ಶಾಖವನ್ನೇ ಕೊಡುತ್ತಿತ್ತು, ಬೆಳಕು ಅದರ ಜೊತೆಗೆ ಬರುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಸಮಸ್ಯೆ ಮುಗಿದಿದೆ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ. ಅದು ಎಳೆದ 75 ವಾಟೂ ಕೊನೆಗೆ ಅದೇ ಕೋಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ತಂಪು ಅನಿಸುವುದು ಮೈಮೇಲಿನ ಬೆವರು ಆರುವುದರಿಂದ. ಹಾಗಾಗಿ ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗಿಸಿ ಪ್ರಯೋಜನವಿಲ್ಲ.

ಮೊಬೈಲ್ ಬ್ಯಾಟರಿಯಲ್ಲಿ ರಾಸಾಯನಿಕ ಶಕ್ತಿಯಾಗಿ ಕೂರುವುದು ಒಂದು ಯೂನಿಟ್‌ನ ಐವತ್ತನೇ ಒಂದು ಭಾಗದಷ್ಟು. ದಿನಾ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ ಎಂಟು, ಹತ್ತು ಯೂನಿಟ್ ಒಳಗೆ ಮುಗಿಯಿತು. ಚಾರ್ಜರ್ ತೆಗೆಯಲಿಲ್ಲ ಅಂತ ಮನೆಯಲ್ಲಿ ಜಗಳ ಆಡುವ ಅಗತ್ಯ ಇಲ್ಲ. ನೋಡಬೇಕಾದದ್ದು, ರಿಮೋಟಿನಲ್ಲಿ ಆರಿಸಿಯೂ ಆರದ ಪೆಟ್ಟಿಗೆಗಳನ್ನು. ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸ್ ಒಂದನ್ನೇ ಬಿಟ್ಟು ಉಳಿದೆಲ್ಲ ತೆಗೆದಾಗಲೂ ಮೀಟರಿನ ದೀಪ ಎರಡು ನಿಮಿಷದೊಳಗೆ ಮಿಟುಕುತ್ತಲೇ ಇತ್ತು. ಸುಮಾರು 10 ವಾಟ್. ವರ್ಷವಿಡೀ ಹೀಗೇ ಬಿಟ್ಟರೆ 87 ಯೂನಿಟ್. ಈಗ ಅದಕ್ಕೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ.